ನಗುತ್ತಾ ಓದಿದ ಕಾಗದ

ಇವತ್ತು ಬೆಳಿಗ್ಗೆ ಫೋನಿನಲ್ಲಿ ಜರ್ಮನಿಯಿಂದ ಮೊಮ್ಮಗಳ ದನಿ ಬಂತು. ಓದಲು ಹೋಗಿ ಇನ್ನೂ ತಿಂಗಳಾಗಿಲ್ಲ. "ಅಜ್ಜೀ, ಭಾಷೆ ಪರೀಕ್ಷೇಲಿ ಎಲ್ಲಾ ಊಹೆ ಮೇಲೆ ಟಿಕ್ ಹಾಕ್ದೆ. ಅದೆಲ್ಲಾ ಸರಿಹೋಗಿ ಮೇಲಿನ ಕ್ಲಾಸಿಗೆ ಹಾಕ್ಬಿಟ್ಟಿದಾರೆ. ಏನೂ ಅರ್ಥ ಆಗಲ್ಲ, ಸುಮ್ನೆ ತಲೆ ಆಡಿಸ್ತೀನಿ. ಪರ್ವಾಲೇದು!" ಎಂದು ನಕ್ಕಳು. ವಿಶಾಖಪಟ್ಟಣದ ಪಕ್ಕದ ಪೆಂಡುರ್ತಿಯಲ್ಲಿ ಬೆಳೆದ ಹುಡುಗಿ. ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತದೆ. ನನಗೆ ನಗು ಬರಲಿಲ್ಲ. ಇದನ್ನು ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದೇನೆ. ಟೈಪು ಮಾಡುವುದನ್ನು ಕಲಿಸಿ ಹೋದವಳೂ ಅವಳೇ, ತಪ್ಪಿದ್ದರೆ ಅವಳನ್ನೇ ಬೈಯಿರಿ.

ಮದುವೆಯಾದ ವರ್ಷ ನಾನು ತುಮಕೂರಿನಿಂದ ವಿಶಾಖಪಟ್ಟಣಕ್ಕೆ ಬಂದೆ. ಯಜಮಾನರು ನೌಕಾಪಡೆಯಲ್ಲಿದ್ದರು. ಅವರು ಹಡಗು ಹತ್ತಿದರೆ ನನಗೆ ಮಾತಾಡಲು ಗೋಡೆಯೇ ಗತಿ. ತೆಲುಗಿನ ಅಕ್ಷರ ಹೇಗಿರುತ್ತದೆ ಹೇಳಿ? ನಮ್ಮ ಅಕ್ಷರಕ್ಕೇ ತಲೆ ಬಾಚಿ ಬೇರೆ ಥರ ತುರುಬು ಹಾಕಿದಂತೆ. ಅಂಗಡಿ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿ ಓದಿ ನಾಲಿಗೆ ಪಳಗಿಸಿಕೊಂಡೆ. ಅರ್ಥ ಮಾತ್ರ ಸೊನ್ನೆ.

ಕ್ವಾರ್ಟರ್ಸಿನ ಹೆಂಗಸರಿಗೆ ತೆಲುಗು ತರಗತಿ ಶುರುವಾಯಿತು. ಟೀಚರ್ ಪುಸ್ತಕ ಕೊಟ್ಟು ಓದಲು ಹೇಳಿದರು. ಏರಿಳಿತ ಹಾಕಿ, ಮುಖದ ಮೇಲೊಂದು ನಗು ಇಟ್ಟುಕೊಂಡು ಒಂದು ಪುಟ ಓದಿಬಿಟ್ಟೆ. "ಎಂತ ಬಾಗಾ ಚದಿವಾರು!" ಎಂದು ಚಪ್ಪಾಳೆ ತಟ್ಟಿ ನನ್ನನ್ನು ನೇರವಾಗಿ ಮೇಲಿನ ತರಗತಿಗೆ ಕಳಿಸಿದರು. ಅರ್ಥವಾಗುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಬಹುದಿತ್ತು. ಹೊಗಳಿಕೆ ಸಿಹಿಯಾಗಿತ್ತು, ಹೇಳಲಿಲ್ಲ. ಎಲ್ಲರೂ ನಕ್ಕ ಮೇಲೆ ಒಂದು ಗಳಿಗೆ ಬಿಟ್ಟು ನಾನೂ ನಗುತ್ತಿದ್ದೆ.

"ಮೇಲಿನ ಕ್ಲಾಸಾ? ನೀನಾ?" ಯಜಮಾನರು ಕಿಚಾಯಿಸಿದರು. "ಸೊಪ್ಪಿನವಳ ಹತ್ರ ಇನ್ನೂ ಕೈಸನ್ನೆ ಮಾಡ್ತೀಯಲ್ಲೇ!"

"ನಿಮಗೆ ಹೊಟ್ಟೆಕಿಚ್ಚು ಕಣ್ರೀ," ಅಂದೆ.

ತರಗತಿಯ ಕೋಣೆ ಗುಡಿಸುತ್ತಿದ್ದವಳು ಅಪ್ಪಲಮ್ಮ. ಗಂಡ ಇಲ್ಲ. ಒಬ್ಬನೇ ಮಗ, ವಿಜಯವಾಡದ ಆಟೋನಗರ್‌ನಲ್ಲಿ ಲಾರಿ ರಿಪೇರಿ ಕೆಲಸಕ್ಕಿದ್ದ. ಅವನ ಕಾಗದಗಳನ್ನು ಟೀಚರ್ ಓದಿ ಹೇಳುತ್ತಿದ್ದರು. ಅವತ್ತು ಅವರಿನ್ನೂ ಬಂದಿರಲಿಲ್ಲ. ಅಪ್ಪಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಒಂದು ಕಾಗದವನ್ನು ನನ್ನ ಮುಂದೆ ಹಿಡಿದಳು. "ಚದವಂಡಮ್ಮಾ." ಓದಿ ಎನ್ನುವ ಆ ಒಂದು ಮಾತು ನನಗೆ ಚೆನ್ನಾಗಿ ಗೊತ್ತಿತ್ತು.

ಪುಸ್ತಕ ಓದಿದ ಹಾಗೆಯೇ ರಾಗವಾಗಿ ಓದಿದೆ. ಕೊನೆಯ ಸಾಲಿನಲ್ಲಿ ಕಡೆಗೂ ಒಂದು ಗುರುತಿನ ಮಾತು ಸಿಕ್ಕಿತು. "ಚಿವರಿ ದಾಕಾ ಅಮ್ಮಾ, ಅಮ್ಮಾ ಅಂಟೂನೇ ಉನ್ನಾಡು." ಮಗ ತಾಯಿಯನ್ನು ವಿಚಾರಿಸಿಕೊಂಡಿದ್ದಾನೆ ಎಂದುಕೊಂಡು ಬಾಯಿ ತುಂಬ ನಕ್ಕೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಮಳ್ಳೀ ಚದವಂಡಿ." ಮತ್ತೆ ಓದು ಎನ್ನುತ್ತಿದ್ದಾಳೆ, ನನ್ನ ಓದು ಹಿಡಿಸಿದೆ! ಮೊದಲಿಗಿಂತ ಚೆನ್ನಾಗಿ ಓದಿದೆ. ಕಾಗದ ಇಸಿದುಕೊಂಡು ಹೋದಳು.

ವಾರ ಬಿಟ್ಟು ಟೀಚರ್, ಅವಳ ನೆರೆಯವರಿಂದ ತಿಳಿದದ್ದನ್ನು ತರಗತಿಗೆಲ್ಲ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ಲಾರಿಯಡಿ ಮಲಗಿ ಕೆಲಸ ಮಾಡುವಾಗ ಜಾಕ್ ಜಾರಿ ಮಗ ಸತ್ತಿದ್ದ. ಕಾಗದ ಬರೆದವನು ಅವನ ಜೊತೆಗಾರ. ಅಪ್ಪಲಮ್ಮ ಕಿವಿಯಾರೆ ಕೇಳಿಯೂ ನಂಬಲಿಲ್ಲ. ಓದಿದ ಅಮ್ಮ ನಗುತ್ತಿದ್ದಾರೆ, ತಾನೇ ತಪ್ಪು ಕೇಳಿಸಿಕೊಂಡಿರಬೇಕು. ಮಗನಿಗೊಂದು ಹೊಸ ಅಂಗಿ ಕೊಂಡು ವಿಜಯವಾಡದ ರೈಲು ಹತ್ತಿದ್ದಳಂತೆ.

ಮರಳಿ ಬಂದವಳು ಪೊರಕೆ ಹಿಡಿದು ನನ್ನೆದುರು ನಿಂತಳು. "ಎಂದುಕು ನವ್ವಾರಮ್ಮಾ?"

ಯಾಕೆ ನಕ್ಕಿರಿ. ಅಷ್ಟು ತೆಲುಗು ಅವತ್ತು ನನಗೆ ಅರ್ಥವಾಯಿತು. ಟೀಚರ್ ಇದ್ದರು, ಮೇಲಿನ ತರಗತಿಯ ಹೆಂಗಸರೆಲ್ಲ ನೋಡುತ್ತಿದ್ದರು. ನನಗೆ ತೆಲುಗು ಬರುವುದಿಲ್ಲ ಎಂದರೆ ಸಾಕಿತ್ತು. ಅವರೆದುರು ಪೆದ್ದಿಯಾಗಲು ಮನಸ್ಸಾಗಲಿಲ್ಲ. ತಲೆ ತಗ್ಗಿಸಿ ಕೂತೆ. ಅವಳು ಗುಡಿಸಲು ಹೋದಳು.

ಆಮೇಲೆ ತೆಲುಗು ತಾನಾಗಿ ಬಂತು. ಆ ಕಾಗದ ಎರಡು ಸಲದ ಓದಿಗೇ ಬಾಯಿಪಾಠವಾಗಿತ್ತು. ಸಂತೆಯಲ್ಲೊಂದು ಮಾತು, ಪಕ್ಕದ ಮನೆಯ ಜಗಳದಲ್ಲೊಂದು ಮಾತು ಕಲಿತಂತೆಲ್ಲ ಅದರ ಒಂದೊಂದು ಸಾಲು ನನ್ನೊಳಗೆ ಬಿಚ್ಚಿಕೊಳ್ಳುತ್ತಿತ್ತು. ಮರುವರ್ಷ ವಿಜಯವಾಡದಲ್ಲಿ, ದೇವಿಯ ಗುಡಿಗೆ ಹತ್ತುವ ಇಂದ್ರಕೀಲಾದ್ರಿಯ ಮೆಟ್ಟಿಲ ಮೇಲೆ, ನನ್ನ ಹಿಂದಿದ್ದವಳು ಮಗುವಿಗೆ "ಚಿವರಿ ದಾಕಾ ಚೇಯಿ ವದಲಕು" ಎಂದಳು. ಕೊನೆಯವರೆಗೂ ಕೈ ಬಿಡಬೇಡ. ಕೊನೆಯವರೆಗೂ ಅಮ್ಮಾ, ಅಮ್ಮಾ ಎನ್ನುತ್ತಲೇ ಇದ್ದ. ನಾನು ನಕ್ಕದ್ದು ಆ ಸಾಲಿಗೆ. ದರ್ಶನ ಮಾಡದೆ ಇಳಿದುಬಿಟ್ಟೆ.

ಮಧ್ಯಾಹ್ನ ಮೊಮ್ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನಾಳೆನೇ ಹೋಗಿ ಕೆಳಗಿನ ಕ್ಲಾಸಿಗೆ ಹಾಕಿ ಅನ್ನೇ."

"ಸಿಗ್ಗಾಗುತ್ತೆ ಅಜ್ಜಿ."

"ಆಗ್ಲಿ ಬಿಡೆ."

ಅವಳು ಕೇಳಿದಳು, "ಆಮೇಲಾದ್ರೂ ಅಪ್ಪಲಮ್ಮಂಗೆ ಹೇಳಿದ್ಯಾ?"

"ಇಲ್ಲ ಕಣೆ," ಅಂದೆ.

ಅಪ್ಪಲಮ್ಮ ಮುಂದೆ ಏಳು ವರ್ಷ ಅದೇ ಕೋಣೆ ಗುಡಿಸಿದಳು. ಹೇಳುವಷ್ಟು ತೆಲುಗು ನನಗೆ ಎರಡನೆಯ ವರ್ಷಕ್ಕೇ ಬಂದಿತ್ತು.