ಟೀಚರ್ ಮನೆಯ ಶ್ರುತಿ

ಬೆಳಿಗ್ಗೆ ಆರೂ ಹತ್ತಕ್ಕೆ ಪಕ್ಕದ ಮನೆಯ ಸಂಗೀತದ ಟೀಚರ್ ತಮ್ಮ ಹಳೆಯ ರೆಕಾರ್ಡ್ ಪ್ಲೇಯರನ್ನು ಮಗುವಿನ ಮುಖ ಒರೆಸುವಂತೆ ಒರೆಸುತ್ತಿದ್ದರು. ಅಗ್ಗದ ಪೆಟ್ಟಿಗೆ, ಮುಚ್ಚಳಕ್ಕೆ ದಾರ ಕಟ್ಟಿದೆ. "ಹೊಸದು ತಗೊಳ್ಳಿ ಅಕ್ಕಾ" ಎಂದು ನಾನಂದರೆ "ನೀನು ಮೊದಲು ಹೊಸ ಕಿವಿ ತಗೋ ಹೋಗು" ಎನ್ನುತ್ತಾರೆ. ಬೇರೆಡೆ ಕಲಿತು ಬಂದ ಮಕ್ಕಳು ಅದರ ಜೊತೆ ಹಾಡಿ ತೋರಿಸಬೇಕು, ಸ್ವರ ಕೊಂಚ ಮೇಲೇರಿದರೂ "ಅಪಸ್ವರ! ಮನೆಗೆ ನಡಿ." ಇವತ್ತು ಅದು ಕೆಟ್ಟು ನಿಂತಿತು. ರಿಪೇರಿಯವನು ಬಿಚ್ಚಿ ನೋಡಿ, "ಇದರ ತಟ್ಟೆ ತಿರುಗಿಸೋ ರಾಟೆನೇ ಚಿಕ್ಕದು ಟೀಚರ್. ಮೊದಲಿಂದ್ಲೂ ನಿಧಾನ ತಿರುಗಿದೆ, ಶ್ರುತಿ ಇಳಿದಿದೆ. ಸರಿಮಾಡ್ಲಾ, ಹೊಸದು ತರ್ತೀರಾ?" ಎಂದ. ಟೀಚರ್ ಗರಬಡಿದವರಂತೆ ಕೂತರು. "ಹಾಗಾದ್ರೆ ಆ ಮಕ್ಕಳು ಸರಿಯಾಗೇ ಹಾಡಿದ್ರಾ?" ಹಾಗೆ ಮನೆಗೆ ಕಳಿಸಿದವರೆಷ್ಟು ಎಂದು ನಾನು ಹಿಂದೊಮ್ಮೆ ಕೇಳಿದಾಗ ಅವರು ಹೆಮ್ಮೆಯಿಂದ ಹೇಳಿದ್ದರು: "ಹದಿನೇಳು."