ವೆಂಕಟರತ್ನಮ್ಮ ಕಟ್ಟಿದ ಕಂಪ್ಯೂಟರ್

ದಿಬ್ಬೂರಹಳ್ಳಿಯ ವೆಂಕಟರತ್ನಮ್ಮನವರ ಚಾಕಿ ಮನೆಯೊಳಗೆ ಚಪ್ಪಲಿ ಮೆಟ್ಟಿಕೊಂಡು ಹೋದವರು ಇದುವರೆಗೆ ಯಾರೂ ಇಲ್ಲ. ಚಪ್ಪಲಿ ಬಿಟ್ಟರಷ್ಟೇ ಸಾಲದು. ಹೊಸ್ತಿಲ ಮುಂದಿನ ತಟ್ಟೆಯ ಬ್ಲೀಚಿಂಗ್ ನೀರಿಗೆ ಕಾಲು ಅದ್ದಬೇಕು, ಕೈ ತೊಳೆಯಬೇಕು, ಬಾಯಲ್ಲಿ ಹೊಗೆಸೊಪ್ಪಿದ್ದರೆ ಉಗಿದು ಬರಬೇಕು. ಅವರ ಭಾವ ಮುನಿವೆಂಕಟಪ್ಪನವರು ಊರಿನ ಹಿರಿಯರು, ಬಂದರೆ ನಾಲ್ಕು ಜನ ಎದ್ದು ನಿಲ್ಲುತ್ತಾರೆ. ಒಮ್ಮೆ ಅವರು ಮದುವೆ ಮನೆಯಿಂದ ಸೆಂಟು ಘಮಘಮಿಸಿಕೊಂಡು ನೇರವಾಗಿ ಬಂದಾಗ ಅವರನ್ನೂ ಹೊರಗೇ ಕೂರಿಸಿ, ಕಾಫಿ ಕೊಟ್ಟು ಕಳಿಸಿದ್ದಾಯಿತು.

ಕೆಲಸವೇ ಅಂಥದ್ದು. ಮೊಟ್ಟೆಯೊಡೆದು ಬಂದ ರೇಷ್ಮೆ ಹುಳು ಇರುವೆಗಿಂತ ಸಣ್ಣದು. ಅದನ್ನು ಬಿಳಿ ಗರಿಯಿಂದ ಮೆಲ್ಲಗೆ ಸವರಿ ಎಳೆ ಸೊಪ್ಪಿನ ಮೇಲೆ ಬಿಟ್ಟು, ಎರಡು ಸಲ ಜ್ವರಕ್ಕೆ ಕೂತು ಪೊರೆ ಕಳಚುವವರೆಗೆ ಸಾಕಿ, ಆಮೇಲೆ ರೈತರ ಕೈಗೆ ಕೊಡುವುದೇ ಚಾಕಿ. ಸಾದಲಿ ಕಡೆಯವರೂ ಹುಳುವಿಗೆ ಇವರ ಮನೆಗೇ ಬರುತ್ತಾರೆ. ಆದರೆ ಇಪ್ಪತ್ತಾರು ವರ್ಷದ ಹಿಂದೆ ಇವರೂ ಬೇರೆಯವರು ಸಾಕಿದ ಹುಳುವನ್ನೇ ಕೊಂಡು ತಂದವರು. ಮುಚ್ಚಿದ ತಟ್ಟೆ. ಒಂದು ಸಲ ತೆಗೆದು ತೋರಿಸಪ್ಪ ಎಂದರೆ, ಗಾಳಿ ತಗುಲುತ್ತದೆ ಎಂದು ಮಾರುವವನು ತೆಗೆಯಲಿಲ್ಲ. ಇನ್ನೇನು ಗೂಡು ಕಟ್ಟಬೇಕು ಅನ್ನುವಷ್ಟರಲ್ಲಿ ಹುಳುಗಳೆಲ್ಲ ಮೆತ್ತಗಾಗಿ ಸತ್ತವು. ಅಷ್ಟನ್ನೂ ಗುಂಡಿಗೆ ಸುರಿದು, ಮೇಲೆ ಮಣ್ಣೆಳೆದು ಬಂದ ದಿನವೇ ವೆಂಕಟರತ್ನಮ್ಮ ಎರಡು ತೀರ್ಮಾನ ಮಾಡಿದರು. ಮರಿಹುಳುವನ್ನು ಇನ್ನು ತಾವೇ ಸಾಕುವುದು. ಒಳಗೇನಿದೆ ಎಂದು ನೋಡದೆ ಇನ್ನು ಯಾವುದನ್ನೂ ಮನೆಗೆ ತರದಿರುವುದು. ಮೊದಲನೆಯದರಿಂದ ಮನೆ ನಿಂತಿತು. ಎರಡನೆಯದರಿಂದ ಚಿಂತಾಮಣಿಯ ಅಂಗಡಿಯವರಿಗೆ ಇವರನ್ನು ಕಂಡರೆ ತಲೆನೋವು ಶುರುವಾಯಿತು; ಕುಂಬಳಕಾಯಿಯಿಂದ ಕುಕ್ಕರಿನವರೆಗೆ ಎಲ್ಲವನ್ನೂ ಬಿಚ್ಚಿಸಿ ನೋಡುವ ಗಿರಾಕಿ ಯಾರಿಗೆ ತಾನೇ ಇಷ್ಟ?

ಈ ಮನೆಗೆ ಮಂಚೇನಹಳ್ಳಿಯಿಂದ ಸೊಸೆಯಾಗಿ ಬಂದವಳು ಶಿರೀಷಾ. ಸೀರೆಯ ಅಂಚಿನ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬರೆಯುವ ಓದು ಓದಿದ್ದಳು. ಒಂದೊಂದು ಎಳೆಗೂ ಒಂದೊಂದು ಚೌಕ. ಸಾವಿರಾರು ಚೌಕಗಳಿಗೆ ಬಣ್ಣ ತುಂಬಿದರೆ ಒಂದು ಬಳ್ಳಿ. ಅವಳ ತವರಿನ ಕಡೆ ಮಗ್ಗಗಳನ್ನಿಟ್ಟಿರುವ ಹರಿಕೃಷ್ಣ ಅವಳಿಗೆ ಎರಡು ಸಲ ಕೆಲಸ ಕೊಟ್ಟಿದ್ದರು. ಎರಡು ಸಲವೂ ಅವಳ ಕಾಲೇಜು ಕಾಲದ ಲ್ಯಾಪ್‌ಟಾಪು ಅರ್ಧಕ್ಕೆ ಸ್ತಬ್ಧವಾಗಿ ಕೈಕೊಟ್ಟಿತ್ತು. ಮೂರನೇ ಸಲ ಹರಿಕೃಷ್ಣ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದರು.

"ನೋಡಮ್ಮ, ನಿನ್ನ ಕೈ ಚೆನ್ನಾಗೈತೆ, ಇಲ್ಲ ಅನ್ನಲ್ಲ. ಮುಂದಿನ ಶುಕ್ರವಾರ ಸಂಜೆ ನಾಲ್ಕಕ್ಕೆ ಒಂದು ಅಂಚು ಬರಬೇಕು. ಬಂತಾ, ವರ್ಷವಿಡೀ ಕೆಲಸ ನಿಂದು. ಬರಲಿಲ್ವಾ, ಇನ್ಮೇಲೆ ನಾನು ಕೇಳಲ್ಲ, ನೀನೂ ಕೇಳಬೇಡ."

ಫೋನಿಟ್ಟ ಶಿರೀಷಾ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಳು. ಸೊಪ್ಪಿನ ಬುಟ್ಟಿ ಹಿಡಿದು ಬಂದ ವೆಂಕಟರತ್ನಮ್ಮ ಅದನ್ನು ನೋಡಿದರು. ಕೈಯಲ್ಲಿ ಕಸುಬಿದ್ದೂ ಸುಮ್ಮನೆ ಕೂರಬೇಕಾದ ಹೆಂಗಸಿನ ಅಳು ಎಂಥದ್ದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಅಳೋದು ಬಿಡು ಕಣಮ್ಮ. ಸೋಮವಾರ ಹುಳು ಕೊಟ್ಟು ಮುಗಿಸ್ತೀನಿ. ಆಮೇಲೆ ಚಿಂತಾಮಣಿಗೆ ಹೋಗಣ, ಕಂಪ್ಯೂಟರ್ ತರಣ," ಎಂದರು.

ಸೋಮವಾರ ಮಧ್ಯಾಹ್ನ ಚಿಂತಾಮಣಿಯ ಮೋಹನ್‌ಬಾಬುವಿನ ಅಂಗಡಿಗೆ ಮೂವರೂ ಹೋದರು: ಅತ್ತೆ, ಸೊಸೆ, ಮತ್ತು ಶಿಡ್ಲಘಟ್ಟದಲ್ಲಿ ಗುಮಾಸ್ತನಾಗಿರುವ ಮಗ ಸುನೀಲ್‌ಕುಮಾರ್, ಎರಡು ದಿನ ರಜೆ ಹಾಕಿ. ಮೋಹನ್‌ಬಾಬು ಗಾಜಿನ ಮೇಜಿನ ಮೇಲೆ ಒಂದು ರೆಡಿಮೇಡ್ ಸೆಟ್ ಇಟ್ಟಿದ್ದ. ಮುಂಭಾಗದಲ್ಲಿ ನೀಲಿ ದೀಪ, ಜೊತೆಗೆ ಎರಡು ಸ್ಪೀಕರು, ಮೌಸು, ಮೇಲೊಂದು ಬ್ಯಾಗು ಉಚಿತ. ಇವರು ಹೊಂದಿಸಿಕೊಂಡು ತಂದಿದ್ದ ದುಡ್ಡಿಗೆ ಅಳತೆ ತೆಗೆದಂತಿತ್ತು ಬೆಲೆ.

"ಸುಮ್ನೆ ಇದನ್ನೇ ತಗೊಂಡ್ ಹೋಗಣಮ್ಮ. ಪ್ಲಗ್ ಹಾಕಿದ್ರೆ ಓಡ್ತದೆ," ಎಂದ ಸುನೀಲ.

"ಒಳಗೆ ಏನೈತೆ ತೋರಿಸಪ್ಪ," ಎಂದರು ವೆಂಕಟರತ್ನಮ್ಮ.

ಮೋಹನ್‌ಬಾಬು ನಕ್ಕ. "ಅಕ್ಕ, ಸೀಲ್ ಐತೆ ನೋಡಿ ಇಲ್ಲಿ. ಬಿಚ್ಚಿದ್ರೆ ವಾರಂಟಿ ಹೋಗ್ತದೆ. ಏನಾದ್ರೂ ಆದ್ರೆ ಬೆಂಗಳೂರಿಗೆ ಕಳಿಸ್ತೀವಿ, ಹದಿನೈದು ದಿನದಾಗೆ ವಾಪಸ್ ಬರ್ತದೆ."

ವೆಂಕಟರತ್ನಮ್ಮನವರ ಮುಖ ಬಿಗಿಯಿತು. ಇಪ್ಪತ್ತಾರು ವರ್ಷದ ಹಿಂದಿನ ಮುಚ್ಚಿದ ತಟ್ಟೆ ಕಣ್ಣ ಮುಂದೆ ಬಂದಿತ್ತು. ಅಷ್ಟರಲ್ಲಿ ಶಿರೀಷಾ ಪೆಟ್ಟಿಗೆಯ ಹಿಂದಿನ ಸಣ್ಣಕ್ಷರ ಓದಿ, ತಗ್ಗಿದ ದನಿಯಲ್ಲಿ, "ಅತ್ತೆ, ಇದರ ಮೆಮೊರಿ ನನ್ನ ಲ್ಯಾಪ್‌ಟಾಪಿನಷ್ಟೇ ಇದೆ. ಇದೂ ನಿಂತುಹೋಗುತ್ತೆ. ಬಿಡಿ ಭಾಗ ತಗೊಂಡು ನಾವೇ ಜೋಡಿಸಿದ್ರೆ, ಇದೇ ದುಡ್ಡಿಗೆ ಇದರ ನಾಲ್ಕರಷ್ಟು ಮೆಮೊರಿ ಹಾಕಬಹುದು. ದೀಪ ಇರಲ್ಲ, ಸ್ಪೀಕರ್ ಇರಲ್ಲ ಅಷ್ಟೇ," ಎಂದಳು. ಅವಳ ಬ್ಯಾಗಿನಲ್ಲಿ ಆ ಭಾಗಗಳ ಪಟ್ಟಿ ಆರು ತಿಂಗಳಿಂದ ಮಡಿಸಿಕೊಂಡು ಕೂತಿತ್ತು. ಯಾರಿಗೂ ತೋರಿಸಿರಲಿಲ್ಲ. ಜೋಡಿಸಲು ಹೋಗಿ ಕೆಟ್ಟರೆ ಎಲ್ಲರ ಬೆರಳೂ ತನ್ನ ಕಡೆಗೇ ತಿರುಗುತ್ತದೆ ಎಂಬ ಭಯ.

"ಜೋಡಿಸೋದು ನಿಂಗೆ ಬರ್ತದಾ?" ಎಂದರು ಅತ್ತೆ.

"ನೋಡಿದ್ದೀನಿ ಅತ್ತೆ. ಮಾಡಿಲ್ಲ."

"ನಾನು ಚಾಕಿ ಶುರು ಮಾಡಿದಾಗ ನೋಡೂ ಇರಲಿಲ್ಲ. ಸರ್ಲೇ, ಪಟ್ಟಿ ಕೊಡು ಅವನಿಗೆ."

ಮೋಹನ್‌ಬಾಬು ತಲೆ ಕೆರೆದುಕೊಂಡ. ಸಾಮಾನೆಲ್ಲ ಅವನಲ್ಲೇ ಇತ್ತು. ಆದರೆ ಮನೆಯಲ್ಲಿ ಜೋಡಿಸುವಾಗ ಏನಾದರೂ ಮುರಿದರೆ ತಾನು ಜವಾಬ್ದಾರನಲ್ಲ ಎಂದು ಮೂರು ಸಲ ಹೇಳಿದ. "ನೀನು ಯಾಕಪ್ಪ ಆಗ್ತೀಯ, ನಾನಿದ್ದೀನಿ," ಎಂದು ವೆಂಕಟರತ್ನಮ್ಮ ಒಂದೊಂದು ಡಬ್ಬಿಯನ್ನೂ ಬಿಚ್ಚಿಸಿ, ಬೆಳಕಿಗೆ ಹಿಡಿದು ನೋಡಿ, ಅದರ ಕೆಲಸವೇನೆಂದು ಕೇಳಿ ತಿಳಿದು, ಮತ್ತೆ ಮುಚ್ಚಿಸಿ ತೆಗೆದುಕೊಂಡರು. ಇದಕ್ಕೆ ಎರಡು ಗಂಟೆ ಹಿಡಿಯಿತು. ಬಂದ ಬೇರೆ ಗಿರಾಕಿಗಳೆಲ್ಲ ನಿಂತು ತಾವೂ ಪಾಠ ಕೇಳಿಸಿಕೊಂಡರು.

ಮಂಗಳವಾರ ಬೆಳಗ್ಗೆ ಪಡಸಾಲೆಗೆ ಚಾಕಿ ಮನೆಯ ಕಾನೂನು ಜಾರಿಯಾಯಿತು. ನೆಲ ಗುಡಿಸಿ ಒರೆಸಿದ್ದಾಯಿತು. ಸುನೀಲ ಚಪ್ಪಲಿ ಬಿಟ್ಟು, ಕಾಲು ಅದ್ದಿ, ಕೈ ತೊಳೆದು, ಒರೆಸಿಕೊಂಡು ಬರಬೇಕಾಯಿತು. "ಇದು ಕಂಪ್ಯೂಟರಮ್ಮ, ಹುಳ ಅಲ್ಲ," ಎಂದು ಗೊಣಗಿದವನಿಗೆ, ಬಾಯಿ ಮುಚ್ಚಿಕೊಂಡು ಫೋನ್ ಹಿಡಿಯುವ ಕೆಲಸ ಸಿಕ್ಕಿತು. ಫೋನಿನಲ್ಲಿ ಒಬ್ಬರು ಕಂಪ್ಯೂಟರ್ ಜೋಡಿಸುವುದನ್ನು ತೋರಿಸುತ್ತಿದ್ದರು. ಶಿರೀಷಾ ಅದನ್ನು ನೋಡಿ ನೋಡಿ ಮಾಡುತ್ತಿದ್ದಳು.

ಆಮೇಲೆ ಬಂತು ಪ್ರೊಸೆಸರ್ ಕೂರಿಸುವ ಹೊತ್ತು. ಬಿಸ್ಕತ್ತಿಗಿಂತ ಸಣ್ಣ ಚೌಕ ಅದು. ಒತ್ತುವಂತಿಲ್ಲ, ಜಾರಿಸುವಂತಿಲ್ಲ, ಅದರ ಮನೆಯಲ್ಲಿ ಅದು ತಾನಾಗಿ ಕೂರಬೇಕು. ಸೊಸೆ ಎರಡು ಸಲ ಹತ್ತಿರ ಒಯ್ದು ಕೈ ಹಿಂದೆ ತೆಗೆದಳು.

"ಇತ್ಲಾಗೆ ಕೊಡಮ್ಮ. ಯಾವ ಮೂಲೆ ಯಾವ ಕಡೆ ಅಂತ ಹೇಳು ಸಾಕು."

ದಿನಕ್ಕೆ ಸಾವಿರಾರು ಜೀವಗಳನ್ನು ನೋವಾಗದಂತೆ ಎತ್ತಿ ಇಳಿಸಿದ ಬೆರಳುಗಳು ಆ ಚೌಕವನ್ನು ಹಿಡಿದು, ಗುರುತಿನ ಮೂಲೆ ನೋಡಿ, ಬಿಟ್ಟವು. ಅದು ಸದ್ದಿಲ್ಲದೆ ಕೂತಿತು. ಸುನೀಲನ ಬಾಯಿ ತೆರೆದದ್ದು ಹಾಗೇ ಇತ್ತು. ಊಟದ ಹೊತ್ತಿಗೆ ಎಲ್ಲ ಜೋಡಿಸಿ ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ಪರದೆಯಲ್ಲಿ ಬೆಳಕು ಬಂತು. ವೆಂಕಟರತ್ನಮ್ಮ ಅದಕ್ಕೆ ಅರಿಶಿನ ಕುಂಕುಮವಿಟ್ಟರು. ಪುಡಿ ಒಳಗೆ ಹೋಗದಂತೆ ನೀರಲ್ಲಿ ಕಲಸಿ, ಪೆಟ್ಟಿಗೆಯ ಕಾಲಿಗಷ್ಟೇ ಇಟ್ಟರು.

ಬುಧವಾರವಿಡೀ ಶಿರೀಷಾ ಎದ್ದದ್ದು ಊಟಕ್ಕೆ ಮಾತ್ರ. ಲ್ಯಾಪ್‌ಟಾಪು ನಾಲ್ಕು ದಿನ ತಿಣುಕಿದ್ದನ್ನು ಇದು ಒಂದೇ ದಿನದಲ್ಲಿ ಮುಗಿಸಿತು. ಗುರುವಾರ ಮಧ್ಯಾಹ್ನ ಎರಡು ಗಂಟೆಗೆ, ಅಂಚಿನ ಕೊನೆಯ ಎಲೆ ಅರ್ಧ ಬಾಕಿಯಿರುವಾಗ, ಪರದೆ ಕಪ್ಪಾಯಿತು. ಗುಂಡಿ ಒತ್ತಿದರೆ ಒಂದು ಗಳಿಗೆ ಹತ್ತಿಕೊಂಡು ಮತ್ತೆ ಆರಿತು. ಊಟಕ್ಕೆಂದು ಶಿಡ್ಲಘಟ್ಟದಿಂದ ಬಂದಿದ್ದ ಸುನೀಲ ತಡೆಯಲಾರದೆ ಹೇಳಿಯೇಬಿಟ್ಟ.

"ಅವತ್ತೇ ಬಡ್ಕೊಂಡೆ, ರೆಡಿಮೇಡ್ ತಗೊಳ್ಳಣ ಅಂತ. ಈಗ ಯಾರನ್ನ ಕೇಳ್ತೀರಾ?"

ನಾಳೆ ನಾಲ್ಕು ಗಂಟೆ ಎಂಬುದೊಂದೇ ಶಿರೀಷಾಳ ತಲೆಯಲ್ಲಿದ್ದದ್ದು. ಅವಳು ಬಗ್ಗಿ ಮೇಜಿನಡಿಯ ಪೆಟ್ಟಿಗೆಯ ಹಿಂದೆ ಕೈ ಹಾಕಿದವಳು ತಟ್ಟನೆ ಹಿಂದೆಳೆದಳು. ಕೈಗೆ ಒದ್ದೆ ಬಟ್ಟೆ ಸಿಕ್ಕಿತ್ತು.

ಬಾಗಿಲಲ್ಲಿ ನಿಂತಿದ್ದ ವೆಂಕಟರತ್ನಮ್ಮ ಧಾವಿಸಿ ಬಂದರು.

"ಅಯ್ಯೋ ದೇವುಡಾ. ಅದು ನಾನು ಹಾಕಿದ್ದು ಕಣಮ್ಮ."

ಆಗಿದ್ದು ಇಷ್ಟು. ಏಪ್ರಿಲ್ ಬಿಸಿಲು. ಬೆಳಗ್ಗೆ ಸೊಸೆ ಸ್ನಾನಕ್ಕೆ ಹೋದಾಗ ಅತ್ತೆ ಪೆಟ್ಟಿಗೆಯ ಹಿಂಭಾಗ ಮುಟ್ಟಿ ನೋಡಿದ್ದರು. ಬಿಸಿ ಗಾಳಿ ಬರುತ್ತಿತ್ತು. ಚಾಕಿ ಮನೆಯಲ್ಲಿ ಸೆಕೆ ಏರಿದರೆ ಗೋಣಿತಾಟನ್ನು ನೀರಿಗದ್ದಿ, ಹಿಂಡಿ, ಸುತ್ತ ಇಳಿಬಿಡುವುದು ಅವರ ಇಪ್ಪತ್ತಾರು ವರ್ಷದ ಪದ್ಧತಿ, ಹುಳು ತಂಪಾಗಿರುತ್ತದೆ. ಇದಕ್ಕೂ ಪಾಪ ಸೆಕೆಯಾಗಿದೆ ಎಂದು, ಚೆನ್ನಾಗಿ ಹಿಂಡಿದ ಗೋಣಿತಾಟನ್ನು ಹಿಂದೆ ಇಳಿಬಿಟ್ಟು, ಮೇಲೂ ಒಂದು ಮಡಿಕೆ ಹೊದಿಸಿ ಹೋಗಿದ್ದರು. ಬಿಸಿ ಗಾಳಿ ಹೊರಗೆ ಹೋಗಲು ದಾರಿಯೇ ಇಲ್ಲದೆ ಯಂತ್ರ ತನ್ನನ್ನು ತಾನೇ ನಿಲ್ಲಿಸಿಕೊಂಡಿತ್ತು.

ತಪ್ಪು ತಮ್ಮದೆಂದು ಒಪ್ಪಿಕೊಂಡ ವೆಂಕಟರತ್ನಮ್ಮ, ಅಲ್ಲಿಗೆ ಕೈ ಕಟ್ಟಿ ಕೂರುವವರಲ್ಲ. "ಇದಕ್ಕೆ ಸೀಲ್ ಇಲ್ಲವಲ್ಲ. ಪ್ಲಗ್ ಕೀಳು, ಬಿಚ್ಚು, ನೋಡಣ," ಎಂದರು.

ಬಿಚ್ಚಿ ನೋಡಿದರು. ದೇವರು ದೊಡ್ಡವನು, ತೇವ ಒಳಗೆ ಇಳಿದಿರಲಿಲ್ಲ. ತಗಡಿನ ಹೊರಮೈಯಲ್ಲಷ್ಟೇ ಇತ್ತು. ಆದರೆ ಹಿಂದಿನ ಫ್ಯಾನಿನ ರೆಕ್ಕೆಗಳಿಗೆ ಗೋಣಿಯ ನಾರು ಸುತ್ತಿಕೊಂಡು ಅದು ತಿರುಗದಂತಾಗಿತ್ತು. ವೆಂಕಟರತ್ನಮ್ಮ ಚಾಕಿ ಮನೆಗೆ ಹೋಗಿ, ಹುಳು ಸವರುವ ಗರಿಗಳಲ್ಲಿ ಹೊಸದೊಂದನ್ನು ತಂದು, ನೆಲದ ಮೇಲೆ ಕೂತರು. ಗರಿಯ ತುದಿಯಿಂದ ಒಂದೊಂದೇ ನಾರು ಬಿಡಿಸಿದರು. ಅದಕ್ಕೆ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಬೆರಳಲ್ಲಿ ತಟ್ಟಿದಾಗ ಫ್ಯಾನು ಸಲೀಸಾಗಿ ಸುತ್ತಿತು. ತಗಡು ಒರೆಸಿ, ನೆರಳಿನಲ್ಲಿ ಗಾಳಿಗಿಟ್ಟು, ಐದೂವರೆಗೆ ಮತ್ತೆ ಮುಚ್ಚಿದರು. ಗುಂಡಿ ಒತ್ತುವ ಮೊದಲು ಶಿರೀಷಾ ಅತ್ತೆಯ ಕೈ ಹಿಡಿದುಕೊಂಡಳು.

ಹತ್ತಿಕೊಂಡಿತು. ಐದು ನಿಮಿಷವಾಯಿತು, ಹತ್ತಾಯಿತು, ಆರಲಿಲ್ಲ. ಸುನೀಲ ಮೆಲ್ಲಗೆ, "ಬೆಂಗಳೂರಿಗೆ ಕಳಿಸಿದ್ರೆ ಹದಿನೈದು ದಿನ ಆಗ್ತಿತ್ತು," ಎಂದ. ಸೋಲೊಪ್ಪಿಕೊಳ್ಳುವ ಅವನ ರೀತಿ ಅದು. ತಾಯಿ ಅಷ್ಟಕ್ಕೇ ಅವನನ್ನು ಬಿಟ್ಟರು.

ಆಗಾಗ ಉಳಿಸಿಡುವ ಅಭ್ಯಾಸವಿದ್ದದ್ದರಿಂದ ಶಿರೀಷಾ ಕಳೆದುಕೊಂಡದ್ದು ಒಂದು ಎಲೆ ಮಾತ್ರ. ಅದನ್ನು ಶುಕ್ರವಾರ ಬೆಳಗ್ಗೆ ಹೊಸದಾಗಿ ಬರೆದಳು. ಹನ್ನೊಂದೂವರೆಗೆ ಅಂಚು ಹೋಯಿತು, ಹೇಳಿದ ಹೊತ್ತಿಗೆ ನಾಲ್ಕೂವರೆ ಗಂಟೆ ಮೊದಲೇ. ಎರಡು ಗಂಟೆಗೆ ಹರಿಕೃಷ್ಣರ ಫೋನು ಬಂತು. "ಏನಮ್ಮ ಇದು! ಎಲೆ ತುದಿ ಹಿಂಗೆ ಯಾರೂ ಬರ್ದಿರಲಿಲ್ಲ. ಮಗ್ಗಕ್ಕೆ ಹಾಕ್ತಿದ್ದೀನಿ. ಇನ್ನೂ ಆರು ಅಂಚು ಬೇಕು, ಯಾವಾಗ ಕೊಡ್ತೀಯ?" ವೆಂಕಟರತ್ನಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು, ಯಾರಿಗೂ ಕಾಣದಿರಲೆಂದು ಸೊಪ್ಪು ತರಲು ತೋಟಕ್ಕೆ ಹೊರಟುಬಿಟ್ಟರು. ಅವತ್ತು ಚಾಕಿ ಮನೆಯಲ್ಲಿ ಹುಳುವೇ ಇರಲಿಲ್ಲ.

ಎರಡು ತಿಂಗಳಿಗೆ ಹರಿಕೃಷ್ಣ ಆ ಅಂಚಿನ ಮೊದಲ ಸೀರೆಯನ್ನು ಕಳಿಸಿಕೊಟ್ಟರು. ಶಿರೀಷಾ ಅದನ್ನು ಬಿಚ್ಚದೆ ಅತ್ತೆಯ ಕೈಗಿಟ್ಟಳು. ಬಿಚ್ಚುವ ಕೆಲಸ ಅವರದೆಂದು ಅವಳಿಗೆ ಗೊತ್ತು. ಹಸಿರು ಅಂಚಿನುದ್ದಕ್ಕೂ ಹಿಪ್ಪುನೇರಳೆ ಎಲೆಗಳು. ಪ್ರತಿ ಎಲೆಯ ತುದಿಯಲ್ಲೂ ಮರಿಹುಳು ತಿಂದ ಸಣ್ಣ ಸಣ್ಣ ಕಚ್ಚು. ವೆಂಕಟರತ್ನಮ್ಮ ಆ ಕಚ್ಚುಗಳ ಮೇಲೆ ಬೆರಳಾಡಿಸಿದರು. ಮೊದಲ ಜ್ವರಕ್ಕೆ ಮುಂಚಿನ ಕಚ್ಚು ಅದು, ಅವರು ದಿನಾ ನೋಡುವಂಥದ್ದು. ತಾವು ಸಾಕಿ ಕಳಿಸಿದ ಹುಳುವಿನ ನೂಲು ಎಲ್ಲೆಲ್ಲಿ ಯಾರ್ಯಾರ ಮೈಮೇಲಿದೆಯೋ, ಒಂದು ದಿನವೂ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಅದನ್ನುಟ್ಟುಕೊಂಡೇ ಅವರು ಮರುವಾರ ಚಿಂತಾಮಣಿಗೆ ಹೋದರು. ಮೋಹನ್‌ಬಾಬುವಿನ ಅಂಗಡಿಯಲ್ಲಿ ಒಂದು ಕೇಬಲ್ ಬೇಕಿತ್ತು, ಅಥವಾ ಬೇಕಿತ್ತೆಂದು ಅವರು ಹೇಳಿದರು. ಗಾಜಿನ ಮೇಜಿನ ಹಿಂದಿನಿಂದ ಅವನು ಅಂಚು ನೋಡುತ್ತಲೇ ಇದ್ದ.

"ಸೀರೆ ಬಲು ಚೆನ್ನಾಗೈತಕ್ಕ. ಎಲ್ಲಿ ತಗೊಂಡ್ರಿ?"

ವೆಂಕಟರತ್ನಮ್ಮ ಕೇಬಲಿನ ಡಬ್ಬಿ ಬಿಚ್ಚಿ, ಎರಡು ತುದಿಯನ್ನೂ ನೋಡಿ, ಮುಚ್ಚಿ, ಚೀಲಕ್ಕೆ ಹಾಕಿಕೊಂಡರು.

"ತಗೊಂಡಿದ್ದಲ್ಲಪ್ಪ," ಎಂದರು. "ನಮ್ಮನೇಲಿ ಮಾಡಿದ್ದು."