ಬಸುರಿ ನೋಡಬಾರದ ಮುಖ

ಮಂಡ್ಯದ ಬಸ್ ನಿಲ್ದಾಣದಲ್ಲಿ ನಾನು ಮೊದಲ ಸಲ ವಿದೇಶಿಯಾದೆ. ಹಳಿಯಾಳದಿಂದ ಹೊರಟು ಹುಬ್ಬಳ್ಳಿಯಲ್ಲಿ ರೈಲು ಹಿಡಿದು ಬಂದಿದ್ದೆ. ಕರ್ನಾಟಕದ ಗಡಿಯನ್ನು ಎಲ್ಲೂ ದಾಟಿರಲಿಲ್ಲ. ಆದರೂ ದುದ್ದದ ಬಸ್ಸಿನ ಕಂಡಕ್ಟರ್ ನನ್ನನ್ನು ಕಂಡವನೇ ಚೀಲ ಸರಿಪಡಿಸಿಕೊಂಡು, ಮುಖ ಗಂಭೀರ ಮಾಡಿಕೊಂಡು, "ಮೇಡಂ, ಯೂ ವೇರ್ ಗೋಯಿಂಗ್?" ಅಂದ. ಹಿಂದಿನ ಸೀಟಿನ ಹೆಂಗಸೊಬ್ಬಳು ನನ್ನ ಗುಂಗುರು ಕೂದಲನ್ನು ಮೆಲ್ಲಗೆ ಮುಟ್ಟಿ ನೋಡಿ ಕೈ ಹಿಂದೆ ತೆಗೆದುಕೊಂಡಳು. ನಾನು "ದುದ್ದಕ್ಕ ಒಂದು ಟಿಕೆಟ್ ಕೊಡ್ರೀ" ಅಂದೆ. ಇಡೀ ಬಸ್ಸು ತಿರುಗಿ ನೋಡಿತು. ಪಕ್ಕದಲ್ಲಿದ್ದ ಅಜ್ಜನಿಗೆ ಖುಷಿಯೋ ಖುಷಿ. ನಮ್ಮ ಭಾಷೆಯನ್ನು ಎಷ್ಟು ಚೆನ್ನಾಗಿ ಕಲಿತಿದ್ದೀಯ ಮಗ, ನಮ್ಮ ದೇಶಕ್ಕೆ ಬಂದು ಎಷ್ಟು ದಿನವಾಯಿತು ಎಂದು ಕೇಳಿದ. "ಮುನ್ನೂರು ನಾನೂರು ವರ್ಷ ಆಗಿರಬೇಕು ಅಜ್ಜಾ" ಅಂದೆ. ಅವನು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಚೀಲದಿಂದ ಒಂದು ಮದ್ದೂರು ವಡೆ ತೆಗೆದು ಕೊಟ್ಟ.

ನಮ್ಮ ಊರಿನಲ್ಲಿ ಕೂತು ಇದನ್ನು ಓದುವ ನಿಮಗೆ ನಾನು ಯಾರೆಂದು ಹೇಳಬೇಕಾಗಿಲ್ಲ. ಆದರೆ ಇಲ್ಲಿ ದಿನವೂ ಹೇಳಬೇಕು. ನಾನು ರೇಣುಕಾ, ಸಿದ್ದಿ ಜನ. ನಮ್ಮ ಪೂರ್ವಿಕರನ್ನು ಯಾವ ಕಾಲದಲ್ಲೋ ಆಫ್ರಿಕಾದಿಂದ ಹಡಗಿನಲ್ಲಿ ತಂದರಂತೆ. ಆ ಹಡಗನ್ನಾಗಲಿ ಆಫ್ರಿಕಾವನ್ನಾಗಲಿ ನಾನು ಕಂಡಿಲ್ಲ. ನರ್ಸಿಂಗ್ ಓದಿದೆ, ಸರ್ಕಾರಿ ಕೆಲಸ ಸಿಕ್ಕಿತು, ದುದ್ದದ ಹತ್ತಿರದ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ಹಾಕಿದರು. ಹಳ್ಳಿಯ ಹೆಸರು ಬೇಡ. ಅಲ್ಲಿನವರ ಮೇಲೆ ನನಗೆ ಪ್ರೀತಿಯಿದೆ.

ಮೊದಲು ಮಂಡ್ಯ ಪಟ್ಟಣದಲ್ಲೇ ಮನೆ ಹುಡುಕಿದೆ. ಫೋನಿನಲ್ಲಿ ಎಲ್ಲರೂ ಬನ್ನಿ ಬನ್ನಿ ಎನ್ನುತ್ತಿದ್ದರು. ಬಾಗಿಲಲ್ಲಿ ನಿಂತರೆ, ಅಯ್ಯೋ ಈಗಷ್ಟೇ ಬೇರೆಯವರಿಗೆ ಕೊಟ್ಟುಬಿಟ್ಟೆವಲ್ಲಾ ಎನ್ನುತ್ತಿದ್ದರು. ಒಬ್ಬರು ಪಾಸ್‌ಪೋರ್ಟ್ ಕೇಳಿದರು. ನಮ್ಮ ವಂಶದಲ್ಲೇ ಯಾರೂ ಅದನ್ನು ಮಾಡಿಸಿಲ್ಲ. ನಾಲ್ಕನೆಯ ಮನೆಯಿಂದ ಹೊರಬರುವಾಗ ಬಂದ ಸಿಟ್ಟಿಗೆ ನಾನು ಅತ್ತೆ. ಅತ್ತದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಕೊನೆಗೆ ಕೋಣೆ ಕೊಟ್ಟವರು ಹಳ್ಳಿಯಲ್ಲೇ ಇದ್ದ ಚಿಕ್ಕತಾಯಮ್ಮ. ಅರವತ್ತು ದಾಟಿದ ವಿಧವೆ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಿಂದ ಮದುವೆಯಾಗಿ ಬಂದವರು. ಮನೆಯಲ್ಲಿ ಅವರು, ಕಬ್ಬಿನ ಗದ್ದೆ ನೋಡಿಕೊಳ್ಳುವ ಮಗ, ಹೊಸದಾಗಿ ಬಂದ ಸೊಸೆ ಸವಿತ. ಹಿತ್ತಲ ಕಡೆಯ ಕೋಣೆ ನನಗೆ. ನನ್ನ ಕೋಣೆಗೂ ಅವರ ಅಡುಗೆಮನೆಗೂ ನಡುವೆ ಒಂದು ಕಿಟಕಿ, ಒಂದು ಬಾಗಿಲು. ಚಿಕ್ಕತಾಯಮ್ಮ ಮೊದಲು ಕೇಳಿದ್ದು, ನೀನು ಯಾವ ಜನ ಎಂದು. ಸಿದ್ದಿ ಅಂದೆ. ಅವರು ಮನಸ್ಸಿನಲ್ಲೇ ಊರ ಕೇರಿಗಳನ್ನೆಲ್ಲ ಒಂದು ಸುತ್ತು ಹಾಕಿ ಬಂದಿರಬೇಕು. ಎಲ್ಲೂ ನನಗೆ ಜಾಗ ಕಾಣಲಿಲ್ಲ. "ಬುಡು ಅತ್ಲಾಗೆ. ಬಾ, ಕೈಕಾಲು ತೊಳ್ಕೊ" ಅಂದರು.

ನಮ್ಮ ಕಡೆ ಯಾವ ಜನ ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ. ನಮ್ಮಲ್ಲಿ ಯಾರೂ ನನ್ನನ್ನು ಬಾಯಿಬಿಟ್ಟು ನೋಡುವುದಿಲ್ಲ, ಏಕೆಂದರೆ ನಾವು ಯಾರೆಂದು ಎಲ್ಲರಿಗೂ ಗೊತ್ತು. ಎಲ್ಲಿ ಕೂರಿಸಬೇಕೆಂದೂ ಗೊತ್ತು. ನನ್ನ ಅಜ್ಜಿ ಗದ್ದೆ ಕೆಲಸಕ್ಕೆ ಹೋಗುತ್ತಿದ್ದ ಮನೆಯಲ್ಲಿ ಅವಳ ಚಹಾದ ಬಟ್ಟಲು ಹೊರಗೆ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಇಲ್ಲಿ ನನ್ನನ್ನು ಅಡುಗೆಮನೆಯೊಳಗೆ ಕೂರಿಸಿ ಬಡಿಸಿದರು.

ಬಡಿಸಿದ್ದು ರಾಗಿಮುದ್ದೆ, ಉಪ್ಸಾರು. ಅನ್ನ, ರೊಟ್ಟಿ, ಒಣಮೀನು ತಿಂದು ಬೆಳೆದ ನಾನು ಮುದ್ದೆಯನ್ನು ಬಾಯಿಗಿಟ್ಟು ಅಗಿದೆ. ಸವಿತ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮುದ್ದೆ ಅಗಿಯುವುದೆಂದರೆ ಮಂಡ್ಯದಲ್ಲಿ ಮಾನ ಹೋಗುವ ಕೆಲಸ. ಮುರಿದು, ಸಾರಿನಲ್ಲಿ ಅದ್ದಿ, ಹಾಗೆಯೇ ನುಂಗಬೇಕು. ಅದು ಸರಾಗವಾಗಿ ಗಂಟಲಿನಲ್ಲಿ ಇಳಿದ ದಿನ ಚಿಕ್ಕತಾಯಮ್ಮ ಬೀದಿಯ ಮೂರು ಮನೆಗೆ ಸುದ್ದಿ ಮುಟ್ಟಿಸಿದರು. ಮಾತಿನ ಒರಟುತನವನ್ನು ನುಂಗಲು ಇನ್ನೂ ಹೆಚ್ಚು ದಿನ ಬೇಕಾಯಿತು. ಇಲ್ಲಿ ಪ್ರೀತಿಯಿಂದ ಕರೆದರೂ ಬೈದ ಹಾಗೆ ಕೇಳುತ್ತದೆ. ಬೈದರೂ ಮುಂದಿನ ಗಳಿಗೆಯಲ್ಲಿ ಊಟಕ್ಕೆ ಕರೆಯುತ್ತಾರೆ.

ಅವರ ಗದ್ದೆಯ ಪಕ್ಕದ ಆಲೆಮನೆಯಲ್ಲಿ ಬೆಲ್ಲ ಮಾಡುವುದನ್ನೂ ನೋಡಿದೆ. ಪೇಟೆಗೆ ಹೋಗುವ ಬೆಲ್ಲಕ್ಕೆ ಏನೋ ಪುಡಿ ಹಾಕಿ ಬೆಳ್ಳಗೆ ಮಾಡುತ್ತಾರೆ. ಮನೆಗೆ ಇಟ್ಟುಕೊಳ್ಳುವುದು ಪುಡಿ ಹಾಕದ ಕಪ್ಪು ಬೆಲ್ಲ. ಕೇಳಿದ್ದಕ್ಕೆ, ಬೆಳ್ಳಗಿರುವುದು ಮಾರಲಿಕ್ಕೆ, ಕಪ್ಪಗಿರುವುದು ತಿನ್ನಲಿಕ್ಕೆ ಎಂದರು. ಇದನ್ನು ಬರೆಯುವಾಗ ಏನೋ ದೊಡ್ಡ ಮಾತು ಹೇಳಿಬಿಡುವ ಆಸೆಯಾಗುತ್ತದೆ. ಬೇಡ. ನಾನು ಬೆಲ್ಲವಲ್ಲ.

ಏಳು ತಿಂಗಳು ಹೀಗೆ ಹೋಯಿತು. ಆಮೇಲೆ ಸವಿತ ಬಸುರಿಯಾದಳು. ಅವಳಿಗೆ ತಾಯಿ ಇಲ್ಲ, ಮದ್ದೂರಿನ ತವರಿನಲ್ಲಿ ಅಪ್ಪ ಒಬ್ಬರೇ. ಹಾಗಾಗಿ ಹೆರಿಗೆ, ಬಾಣಂತನ ಎಲ್ಲ ಅತ್ತೆಯ ಮನೆಯಲ್ಲೇ ಎಂದಾಯಿತು. ನನಗೆ ಸಂತೋಷವಾಯಿತು. ಕೈಯಳತೆಯಲ್ಲೇ ನರ್ಸ್ ಇದ್ದಾಳೆ, ಚೆನ್ನಾಗಿ ನೋಡಿಕೊಳ್ಳೋಣ ಅಂದುಕೊಂಡೆ. ಆದರೆ ಸವಿತ ಹಿತ್ತಲಿಗೆ ಬರುವುದು ನಿಂತಿತು. ಅಡುಗೆಮನೆಯ ಬಾಗಿಲಿಗೆ ಆ ಕಡೆಯಿಂದ ಚಿಲಕ ಬಿತ್ತು. ಕಿಟಕಿಗೆ ಹಳೆಯ ಸೀರೆ ಬಂತು. ಬೆಳಿಗ್ಗೆ ಎದ್ದ ಕೂಡಲೇ ಚಿಕ್ಕತಾಯಮ್ಮ, ರೇಣುಕಮ್ಮ ಎದ್ದೆಯಾ ಎಂದು ಗಟ್ಟಿಯಾಗಿ ಕೂಗುತ್ತಿದ್ದರು. ನನ್ನ ಮೇಲಿನ ಅಕ್ಕರೆ ಅಂದುಕೊಂಡಿದ್ದೆ. ಮುದ್ದೆ ಮಾತ್ರ ಮೊದಲಿನಂತೆಯೇ ಬರುತ್ತಿತ್ತು, ಅವರೇ ತಂದು ಕೊಡುತ್ತಿದ್ದರು.

ವಿಷಯ ಹೇಳಿದ್ದು ಆಶಾ ಕಾರ್ಯಕರ್ತೆ ಮಣಿ, ನನ್ನ ಜೊತೆ ಮನೆಮನೆ ಸುತ್ತುವವಳು. ಬಸುರಿ ಹೆಂಗಸು ಬೆಳಿಗ್ಗೆ ಎದ್ದು ಯಾರ ಮುಖ ನೋಡುತ್ತಾಳೋ ಮಗುವಿಗೆ ಅವರ ಬಣ್ಣ ಬರುತ್ತದಂತೆ. ನನ್ನ ಮುಖ ಸವಿತಳಿಗೆ ಬೆಳಿಗ್ಗೆ ಮಾತ್ರವಲ್ಲ, ಯಾವ ಹೊತ್ತಿನಲ್ಲೂ ಬೇಡವೆಂದು ತೀರ್ಮಾನವಾಗಿತ್ತು. ಆ ಕೂಗು ಸೊಸೆಯನ್ನು ಒಳಗೆ ಕಳಿಸಲಿಕ್ಕೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಆ ಮನೆಯಲ್ಲಿ ಉಂಡ ಪ್ರತಿ ತುತ್ತೂ ನೆನಪಾಗಿ ನೋಯಿಸಿತು. ಬಣ್ಣವೊಂದನ್ನು ಬಿಟ್ಟು ನನ್ನಲ್ಲಿ ಇವರಿಗೆ ಬೇರೇನೂ ಕಾಣಲಿಲ್ಲವೇ ಎಂದು ಮಣಿಯ ಮುಂದೆ ಕೂಗಾಡಿದೆ.

ಮಣಿ ಆ ಊರಿನಲ್ಲೇ ಹುಟ್ಟಿದವಳು, ಆಚೆ ಕೇರಿಯವಳು. ನನಗಿಂತ ಎಷ್ಟೋ ಬೆಳ್ಳಗಿದ್ದಾಳೆ. ಚಿಕ್ಕತಾಯಮ್ಮನ ಮನೆಗೆ ನೂರು ಸಲ ಬಂದಿದ್ದಾಳೆ, ಒಂದು ಸಲವೂ ಜಗಲಿ ದಾಟಿಲ್ಲ. ನಾನು ಏಳು ತಿಂಗಳು ಒಳಗೆ ಕೂತು ಉಣ್ಣುವಾಗ ಅವಳು ಜಗಲಿಯ ಮೇಲೆ ಕೂತು ಲೆಕ್ಕದ ಪುಸ್ತಕ ತುಂಬಿಸುತ್ತಿದ್ದಳು. ನನಗೆ ಅದು ಕಂಡಿರಲೇ ಇಲ್ಲ. ನನ್ನ ಕೂಗಾಟವನ್ನೆಲ್ಲ ಕೇಳಿ ಅವಳು ತಣ್ಣಗೆ ಹೇಳಿದಳು: "ನಿಮ್ಗೆ ಬಣ್ಣ ಅಡ್ಡ ಬಂತು ಮೇಡಂ. ನಮ್ಮನ್ನ ಹೊರಗಿಡಕ್ಕೆ ಬಣ್ಣನೂ ಬೇಕಾಗಿಲ್ಲ." ಅಜ್ಜಿಯ ಬಟ್ಟಲಿನ ಕತೆ ಹೇಳಿಕೊಂಡು ತಿರುಗುವವಳು ನಾನು.

ಎಂಟನೆಯ ತಿಂಗಳಿನಲ್ಲಿ ಗೋಡೆಯ ಆಚೆಯಿಂದ ಸವಿತಳ ನರಳಾಟ ಕೇಳತೊಡಗಿತು. ತಲೆ ಸಿಡಿಯುತ್ತದೆ ಎನ್ನುತ್ತಿದ್ದಳು. ಕಾಲು ಊದಿ ಚಪ್ಪಲಿ ಹತ್ತುತ್ತಿಲ್ಲ ಎಂದು ಗಂಡನಿಗೆ ಹೇಳುವುದೂ ಕೇಳಿತು. ಮಂಡ್ಯದ ಡಾಕ್ಟರಿಗೆ ತೋರಿಸಿ ಒಂದೂವರೆ ತಿಂಗಳಾಗಿತ್ತು. ರಕ್ತದೊತ್ತಡ ನೋಡಲೇಬೇಕು ಎಂದು ಚಿಕ್ಕತಾಯಮ್ಮನಿಗೆ ಹೇಳಿದೆ. ಮೂರು ದಿನ ನೆಪ ಹೇಳಿದರು. ಬರುವ ಸೋಮವಾರ ಮಂಡ್ಯಕ್ಕೇ ಹೋಗುತ್ತೇವೆ, ಆ ಡಾಕ್ಟರಮ್ಮ ಬೆಳ್ಳಗಿದ್ದಾರೆ ಎಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಕೆಟ್ಟತನ ಇರಲಿಲ್ಲ. ಸಾರಿಗೆ ಉಪ್ಪು ಸಾಲದು ಎನ್ನುವಷ್ಟು ಸಹಜವಾಗಿ ಹೇಳಿದರು.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಬಿಡಲಿಲ್ಲ. ಮಣಿಯನ್ನೂ ಕರೆದುಕೊಂಡು ಬಂದೆ. ಚಿಕ್ಕತಾಯಮ್ಮ ಯೋಚಿಸಿ ಒಂದು ದಾರಿ ಕಂಡುಹಿಡಿದರು. ಕಿಟಕಿಯ ಸೀರೆ ಹಾಗೇ ಇರಲಿ, ಅದರ ಕೆಳಗಿನಿಂದ ಸವಿತ ಕೈ ಹೊರಗೆ ಚಾಚಲಿ, ನೀನು ಈ ಕಡೆಯಿಂದ ನೋಡು ಎಂದರು. ನನ್ನ ಸಿಟ್ಟು ನೆತ್ತಿಗೇರಿತ್ತು. ಆದರೆ ಸೀರೆಯ ಕೆಳಗಿನಿಂದ ಆ ಕೈ ಬಂತು. ಬಳೆಗಳು ಊದಿದ ಮಣಿಕಟ್ಟಿನಲ್ಲಿ ಹೂತಿದ್ದವು. ಸಿಟ್ಟನ್ನು ಪಕ್ಕಕ್ಕಿಟ್ಟು ಬಿ.ಪಿ. ಪಟ್ಟಿ ಸುತ್ತಿದೆ. ನೂರಾ ಅರವತ್ತು, ಕೆಳಗಿನದು ನೂರಾ ಹತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದೆ. ಅಷ್ಟೇ ಇತ್ತು. ಅಷ್ಟರಲ್ಲಿ ಸವಿತ ಸೀರೆಯ ಆಚೆಯಿಂದ, ಅಕ್ಕಾ ಕಣ್ಣು ಮಂಜಾಗುತ್ತಿದೆ ಅಂದಳು.

ಈ ಹಂತದಲ್ಲಿ ತಡ ಮಾಡಿದರೆ ಬಸುರಿಗೆ ಫಿಟ್ಸ್ ಬರುತ್ತದೆ, ತಾಯಿ ಮಗು ಎರಡೂ ಉಳಿಯದೆ ಹೋಗಬಹುದು. ಬಾಗಿಲು ತೆಗೆಯಿರಿ ಅಂದೆ. ಚಿಕ್ಕತಾಯಮ್ಮ ಈ ಕಡೆ ಬಾಗಿಲಿಗೆ ಅಡ್ಡ ನಿಂತೇ ಇದ್ದರು. ಮಂಡ್ಯದಲ್ಲಿ ಎಲ್ಲರ ಜೊತೆಗೂ ತಗ್ಗಿ ಮಾತಾಡಬೇಕೆಂದು ನನ್ನ ಹೆತ್ತ ಆಯಿ ಹೇಳಿ ಕಳಿಸಿದ್ದಳು. ಅಂದು ಅದು ಆಗಲಿಲ್ಲ.

"ನನ್ನ ಮುಖ ನೋಡಿದ್ರ ಕೂಸು ಕರ್ರಗ ಹುಟ್ಟತೈತಿ ಅಂತೀರಿ. ಹುಟ್ಟಲಿ. ಕರ್ರಗ ಹುಟ್ಟಿದ್ರೂ ಬದುಕತಾವ್ರೀ, ನಾ ಬದುಕಿಲ್ಲೇನು?"

ಚಿಲಕ ತೆಗೆದದ್ದು ಸವಿತ. ನಾನು ಚಿಕ್ಕತಾಯಮ್ಮನನ್ನು ಬಳಸಿ ಒಳಗೆ ಹೋದೆ. ನನ್ನ ಹಿಂದೆಯೇ ಮಣಿಯೂ ಹೋದಳು. ಇಬ್ಬರೂ ಅವಳನ್ನು ಎರಡು ಕಡೆ ಹಿಡಿದುಕೊಂಡು, ನಡುಮನೆಯಲ್ಲಿ ಹಾಯ್ದು, ಬೀದಿಗೆ ತಂದೆವು. ಫೋನ್ ಮಾಡಿದ್ದ ಆಂಬುಲೆನ್ಸ್ ಬಂತು. ಮಂಡ್ಯದವರೆಗೂ ಸವಿತ ನನ್ನ ಕೈ ಬಿಡಲಿಲ್ಲ. ಕಣ್ಣು ಮುಚ್ಚಿಕೊ ಅಂದರೂ ಮುಚ್ಚದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಚಿಕ್ಕತಾಯಮ್ಮ ಎದುರಿಗೆ ಕೂತು ಅದನ್ನು ನೋಡುತ್ತಿದ್ದರು.

ಮರುದಿನ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು. ಅಂಗೈಯಗಲ ಮುಖ, ಆದರೆ ಗಟ್ಟಿ ಅಳು. ಸವಿತ ಉಳಿದಳು. ಹತ್ತು ದಿನಗಳಾದ ಮೇಲೆ ಮಗುವನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ಕೈಗೆ ಕೊಟ್ಟಾಗ ಅದರ ಬಣ್ಣ ತಿಳಿಯುವಂತಿತ್ತು. ಕಪ್ಪು, ಸೊಗಸಾದ ಕಪ್ಪು. ನಾನು ಚಿಕ್ಕತಾಯಮ್ಮನ ಮುಖ ನೋಡಿದೆ. ಅವರು ಮಗುವನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಪೂರಿಗಾಲಿ ನಮ್ಮವ್ವನ ಬಣ್ಣ ಕಣವ್ವ ಇದು. ನಿಂದಲ್ಲ. ನೀನು ಎದ್ರುಕೋಬ್ಯಾಡ."

ನನ್ನನ್ನು ಸಮಾಧಾನಪಡಿಸುತ್ತಿದ್ದರು! ಅವಮಾನವೋ ಅಕ್ಕರೆಯೋ ಬೇರೆ ಮಾಡಲಾಗದೆ ನಾನು ಜೋರಾಗಿ ನಕ್ಕುಬಿಟ್ಟೆ. ವಾರ್ಡಿನ ನರ್ಸ್ ಬಂದು ಗದರಿದಳು.

ಈಗ ಆ ಬಾಗಿಲಿಗೆ ಚಿಲಕವಿಲ್ಲ. ಮಗು ನನ್ನ ತೊಡೆಯ ಮೇಲೆ ಬೆಳೆಯುತ್ತಿದೆ. ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಣಿ ಮತ್ತೆ ಜಗಲಿಯ ಮೇಲೆಯೇ ಕೂರುತ್ತಾಳೆ. ನಾನೂ ಈಗ ಅವಳ ಜೊತೆ ಅಲ್ಲಿಯೇ ಕೂತು ಉಣ್ಣುತ್ತೇನೆ. ಚಿಕ್ಕತಾಯಮ್ಮ ಇಬ್ಬರಿಗೂ ಬಡಿಸುತ್ತಾರೆ, ಒಳಗೆ ಬಾ ಎಂದು ನನ್ನೊಬ್ಬಳನ್ನೇ ಕರೆಯುತ್ತಾರೆ. ನಾನು ಹೋಗುವುದಿಲ್ಲ. ಅವರಿಗೆ ಕೋಪ ಬರುತ್ತದೆ. ಕೋಪದಲ್ಲೇ ಇನ್ನೊಂದು ಮುದ್ದೆ ಹಾಕುತ್ತಾರೆ.

ಕಳೆದ ತಿಂಗಳು ರಜೆ ಹಾಕಿ ಮನೆಗೆ ಬಂದಿದ್ದೆ. ನಿಮ್ಮಲ್ಲಿ ಕೆಲವರು ನನ್ನನ್ನು ಕಂಡಿರಿ. ತಮ್ಮನ ಹೆಂಡತಿಗೆ ಆರು ತಿಂಗಳು. ಸಂಜೆ ಒಲೆಯ ಮುಂದೆ ಆಯಿ ಹಾಲು ಕಾಯಿಸುತ್ತಿದ್ದಳು. ಪೇಟೆಯಿಂದ ತರಿಸಿದ ಪುಟ್ಟ ಡಬ್ಬಿ ತೆಗೆದು ಕೇಸರಿಯ ಎಳೆಗಳನ್ನು ಎಣಿಸಿದ ಹಾಗೆ ಹಾಲಿಗೆ ಹಾಕಿದಳು. ಏಕೆಂದು ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದೆ. ಆಯಿ ತಲೆ ಎತ್ತದೆ ನಾವು ಮನೆಯಲ್ಲಿ ಆಡುವ ಕೊಂಕಣಿಯಲ್ಲಿ ಹೇಳಿದಳು: "ಇದಾದರೂ ಒಂದು ಚೂರು ಬೆಳ್ಳಗೆ ಹುಟ್ಟಲಿ. ನೀನು ಪಟ್ಟದ್ದನ್ನು ಇದು ಪಡುವುದು ಬೇಡ."

ಚಿಕ್ಕತಾಯಮ್ಮನ ಮುಂದೆ ಬಂದ ಮಾತು ಆಯಿಯ ಮುಂದೆ ಬರಲಿಲ್ಲ. ಮನೆ ಹುಡುಕಿ ಅತ್ತದ್ದನ್ನು ಫೋನಿನಲ್ಲಿ ಅವಳಿಗೆ ಹೇಳಿದವಳೇ ನಾನು. ಲೋಟವನ್ನು ಅವಳ ಕೈಯಿಂದ ತೆಗೆದುಕೊಂಡು ಗಟಗಟ ನಾನೇ ಕುಡಿದೆ. ನಿನಗೇಕೆ ಅದು ಎಂದಳು. ನಾನು ಈಗಲಾದರೂ ಬೆಳ್ಳಗಾಗುತ್ತೇನೋ ನೋಡೋಣ ಎಂದೆ. ಆಯಿ ನಕ್ಕಳು. ನಗುತ್ತಲೇ ಅಳತೊಡಗಿದಳು. ತುಂಬ ಹೊತ್ತು ಅತ್ತಳು. ನಾನು ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಸವಿತಳ ಮಗುವಿನ ಫೋಟೊ ತೋರಿಸಿದೆ. ಕಣ್ಣೊರೆಸಿಕೊಂಡು ನೋಡಿದಳು. ನಮ್ಮ ಮಕ್ಕಳ ಹಾಗೆಯೇ ಇದೆ ಎಂದಳು. ಅದಕ್ಕೊಂದು ಕೌದಿ ಹೊಲಿದು ಕೊಡುತ್ತೇನೆ, ಹಳೆಯ ಸೀರೆಗಳಿವೆ, ನೀನು ಹೊರಡುವುದು ಯಾವಾಗ ಎಂದು ಕೇಳಿದಳು.

"ಭಾನುವಾರ ಊರಿಗೆ ಹೋಗಬೇಕು ಆಯಿ" ಅಂದೆ.

ಆಯಿ ಸೂಜಿಗೆ ದಾರ ಪೋಣಿಸುತ್ತಿದ್ದವಳು ಕೈ ತಡೆದು, ಯಾವ ಊರಿಗೆ ಎಂಬಂತೆ ನನ್ನ ಮುಖ ನೋಡಿದಳು. ನಾನು ಹುಟ್ಟಿದ ಮನೆಯ ಒಲೆಯ ಮುಂದೆ ಕೂತಿದ್ದೆ.